ಒಂದು ಬೆರಳಿನ ಸಂದು

ಅಣ್ಣಿಗೇರಿ ದಾಟಿ ನಾಲ್ಕೈದು ಕಿಲೋಮೀಟರ್ ಹೋಗಿರಬಹುದು. ಹುಬ್ಬಳ್ಳಿಯಿಂದ ಹಂಪಿಗೆ ಒಂದೇ ಹಗಲಿನಲ್ಲಿ ಸೈಕಲ್ ತುಳಿಯಬೇಕೆಂದು ನಸುಕಿನಲ್ಲೇ ಹೊರಟಿದ್ದೆ. ಹಿಂದಿನ ಎರಡು ದಿನ ಒಳ್ಳೆಯ ಮಳೆ. ಮುಂದೆ ರಸ್ತೆ ಕೆಲಸ ನಡೆದಿದೆ ಎಂದು ವಾಹನಗಳನ್ನೆಲ್ಲ ಹೊಲದ ಪಕ್ಕದ ಹಾದಿಗೆ ಇಳಿಸುತ್ತಿದ್ದರು. ಅರ್ಧ ಕಿಲೋಮೀಟರ್ ತಾನೇ ಎಂದು ನಾನೂ ಇಳಿದೆ. ಎರೆಮಣ್ಣಿನ ಸ್ವಭಾವ ಬಲ್ಲವರು ಯಾರೂ ಮಾಡದ ಕೆಲಸ ಅದು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಟೈರಿಗೆ ಹತ್ತಿದ ಮಣ್ಣು ಬ್ರೇಕಿನ ಕೆಳಗೆ ಸೇರಿತು. ಮೂವತ್ತನೆಯ ಮಾರಿಗೆ ಫೋರ್ಕಿನ ಗಂಟಲು ಕಟ್ಟಿತು. ಆಮೇಲೆ ಚಕ್ರ ತಿರುಗಲೇ ಇಲ್ಲ. ಒಂದೇ ಕೈಯಲ್ಲಿ ಎತ್ತಿ ಸ್ನೇಹಿತರಿಗೆ ತೋರಿಸುತ್ತಿದ್ದ ಸೈಕಲ್ಲನ್ನು ಎರಡೂ ಕೈಯಲ್ಲಿ ಎತ್ತಲಾಗದೆ, ಜಾಲಿ ಕಡ್ಡಿಯಿಂದ ಮಣ್ಣು ಕೆರೆಯುತ್ತ ಬದುವಿನ ಮೇಲೆ ಕೂತೆ.

ಹಿಂದಿನಿಂದ ಒಬ್ಬ ಹಿರಿಯರು ಹಳೆಯ ಕರಿ ಸೈಕಲ್ ತಳ್ಳಿಕೊಂಡು ಬಂದರು. ಕ್ಯಾರಿಯರಿನ ಎರಡೂ ಬದಿಗೆ ಹಾಲಿನ ಕ್ಯಾನು. ಹಾದಿಯ ನಡುವೆ ಅಲ್ಲ, ಅಂಚಿನ ಹುಲ್ಲಿನ ಮೇಲೇ ಬರುತ್ತಿದ್ದರು.

“ಗಾಲಿ ತಿರಗವಲ್ದೇನ್ರೀ?”

ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಬಂದು, ನನ್ನ ಮುಂದಿನ ಚಕ್ರದ ನೆತ್ತಿಗೂ ಫೋರ್ಕಿಗೂ ನಡುವೆ ಬೆರಳು ತೂರಿಸಲು ನೋಡಿದರು. ಹೋಗಲಿಲ್ಲ.

“ಇದರಾಗ ಬಟ್ಟ ಸೈತ ಹೋಗಂಗಿಲ್ಲ. ಮಣ್ಣ ಎಲ್ಲಿಂದ ಹೊರಗ ಬರಬೇಕ್ರೀ?”

ಅವರ ಸೈಕಲ್ಲಿಗೂ ಮಣ್ಣು ಮೆತ್ತಿತ್ತು, ಸುಳ್ಳು ಹೇಳಬಾರದು. ಮಡ್‌ಗಾರ್ಡಿನ ಒಳಗೆ ಹೆಂಟೆಯೇ ಕೂತಿತ್ತು. ಆದರೆ ಅವರು ಕಡ್ಡಿಯಿಂದ ಒಮ್ಮೆ ಚುಚ್ಚಿದರೆ ಹೆಂಟೆ ಪೂರ್ತಿ ಕಳಚಿ ಬೀಳುತ್ತಿತ್ತು. ನಾನು ಇಪ್ಪತ್ತು ನಿಮಿಷ ಕೆರೆದರೂ ಬ್ರೇಕಿನ ತೋಳುಗಳ ಒಳಗಿಂದ ಮಣ್ಣು ಬರುತ್ತಲೇ ಇತ್ತು.

ಅಂಗಡಿಗೆ ಹೋದವರು ಸೈಕಲ್ಲಿನಲ್ಲಿ ಇರುವುದರ ಬಗ್ಗೆ ಕೇಳುತ್ತಾರೆ: ಎಷ್ಟು ಗೇರು, ಎಷ್ಟು ತೂಕ, ಫ್ರೇಮು ಕಾರ್ಬನ್ನೋ ಅಲ್ಯುಮಿನಿಯಮ್ಮೋ. ಇಲ್ಲದಿರುವುದರ ಬಗ್ಗೆ, ಎಂದರೆ ಟೈರಿಗೂ ಫ್ರೇಮಿಗೂ ನಡುವೆ ಬಿಟ್ಟ ಖಾಲಿ ಜಾಗದ ಬಗ್ಗೆ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಒಂದೇ ಬೈಠಕ್ಕಿನಲ್ಲಿ 200, 300, 600 ಕಿಲೋಮೀಟರ್ ತುಳಿಯುವವರಿಗೆ ಸೈಕಲ್ಲು ಒಗ್ಗುವುದು ಬಿಡುವುದು ಬಹುಮಟ್ಟಿಗೆ ಈ ಸಂದಿನ ಮೇಲೆ ನಿಂತಿದೆ ಎಂಬುದು ನನಗೆ ಹೊಳೆಯಲು ಅಣ್ಣಿಗೇರಿಯ ಎರೆಹೊಲ ಬೇಕಾಯಿತು.

ಈ ಸಂದು ಒಂದೇ ಅಂಕಣದ ಮನೆಯಿದ್ದ ಹಾಗೆ. ಅದರಲ್ಲಿ ಮೂರು ಸಂಸಾರ ಇರಬೇಕು: ಟೈರು, ಮಡ್‌ಗಾರ್ಡು, ಬ್ರೇಕು. ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಮುದುರಿಕೊಳ್ಳಬೇಕು. ಟೈರು ದಪ್ಪ ಮಾಡಿದರೆ ಮಡ್‌ಗಾರ್ಡಿಗೆ ಜಾಗವಿಲ್ಲ. ಮಡ್‌ಗಾರ್ಡ್ ಹಾಕಿದರೆ ಟೈರು ತೆಳ್ಳಗಾಗಬೇಕು. ಇಬ್ಬರನ್ನೂ ಇಟ್ಟುಕೊಳ್ಳುವುದಾದರೆ ಬ್ರೇಕಿನ ತೋಳು ಉದ್ದ ಬೇಕು, ಇಲ್ಲವೇ ಬ್ರೇಕು ಆ ಮನೆಯನ್ನೇ ಬಿಟ್ಟು ಬೇರೆ ಕಡೆ ಹೋಗಬೇಕು. ಕಳೆದ ನೂರಿಪ್ಪತ್ತು ನೂರಮೂವತ್ತು ವರ್ಷಗಳಲ್ಲಿ ಸೈಕಲ್ ಕಟ್ಟುವವರು ಈ ಜಗಳಕ್ಕೆ ಮಾಡಿದ ರಾಜಿಗಳೇ ಒಂದು ದೊಡ್ಡ ಕಥೆ.

ಲೆಕ್ಕ ಸ್ವಲ್ಪ ನೋಡೋಣ. ರೋಡ್ ಬೈಕುಗಳ ಹಳೆಯ ಬಗೆಯ ಬ್ರೇಕು, ಎಂದರೆ ರಿಮ್ಮನ್ನು ಎರಡೂ ಬದಿಯಿಂದ ಇಕ್ಕಳದಂತೆ ಹಿಡಿಯುವ ಕ್ಯಾಲಿಪರ್, ಫೋರ್ಕಿನ ನೆತ್ತಿಯ ಒಂದು ಬೋಲ್ಟಿನಿಂದ ತೂಗುತ್ತದೆ. ಆ ಬೋಲ್ಟಿನ ನಡುವಿಂದ ಬ್ರೇಕ್ ರಬ್ಬರಿನ ನಡುವಿನವರೆಗಿನ ಅಳತೆಗೆ ರೀಚ್ ಎನ್ನುತ್ತಾರೆ. ಡಿಸ್ಕ್ ಬ್ರೇಕು ಬರುವ ಮುಂಚಿನ ರೇಸ್ ಸೈಕಲ್ಲುಗಳ ಕ್ಯಾಲಿಪರಿನ ರೀಚ್ ಸಾಮಾನ್ಯವಾಗಿ 39ರಿಂದ 49 ಮಿಲಿಮೀಟರ್. ಅದರ ಕೆಳಗೆ 25 ಮಿ.ಮೀ. ಟೈರು ಆರಾಮಾಗಿ ಕೂರುತ್ತದೆ, 28 ಕಷ್ಟಪಟ್ಟು ಕೂರುತ್ತದೆ. ಮಡ್‌ಗಾರ್ಡಿನ ಮಾತು ಎತ್ತಬೇಡಿ. ಇನ್ನೊಂದು ಅಳತೆ 47ರಿಂದ 57. ಇದರಲ್ಲಿ 28ರ ಟೈರು ಮಡ್‌ಗಾರ್ಡ್ ಸಮೇತ ಹಿಡಿಯುತ್ತದೆ. ಮಡ್‌ಗಾರ್ಡ್ ಬೇಡವೆಂದರೆ 32ರ ಟೈರನ್ನೂ ಹಲವು ಫ್ರೇಮುಗಳು ಒಳಗೆ ಬಿಟ್ಟುಕೊಳ್ಳುತ್ತವೆ. ಎರಡಕ್ಕೂ ವ್ಯತ್ಯಾಸ ಬರೀ 8 ಮಿ.ಮೀ., ಒಂದು ಪೆನ್ಸಿಲ್ಲಿನ ದಪ್ಪಕ್ಕಿಂತ ತುಸು ಹೆಚ್ಚು. ಆ ಪೆನ್ಸಿಲ್ಲಿನಷ್ಟು ಜಾಗ ಇದ್ದಿದ್ದರೆ ಆ ದಿನ ನಾನು ಗದಗವನ್ನು ಮಧ್ಯಾಹ್ನದ ಊಟಕ್ಕಲ್ಲ, ಬೆಳಗಿನ ಗಿರ್ಮಿಟ್ಟಿಗೇ ಮುಟ್ಟುತ್ತಿದ್ದೆ.

ತಮಾಷೆ ಏನೆಂದರೆ ಈ 47–57 ಅಳತೆಯನ್ನು ಇವತ್ತು ಉದ್ದ ತೋಳಿನ ಬ್ರೇಕು ಎಂದು ಮಾರುತ್ತಾರೆ. 1970ರ ದಶಕದವರೆಗೆ ಯುರೋಪಿನ ರೇಸ್ ಸೈಕಲ್ಲುಗಳಿಗೆ ಇದೇ ಸಾಮಾನ್ಯ ಅಳತೆಯಾಗಿತ್ತು. ಚಳಿಗಾಲದ ತಾಲೀಮಿಗೆ ಮಡ್‌ಗಾರ್ಡ್ ಹಾಕಿಕೊಂಡು, ಬೇಸಿಗೆಗೆ ಬಿಚ್ಚಿ, ಅದೇ ಸೈಕಲ್ಲಿನಲ್ಲಿ ರೇಸಿಗೆ ಹೋಗುತ್ತಿದ್ದರು. ಆಮೇಲೆ ಚಕ್ರವನ್ನು ಫ್ರೇಮಿಗೆ ಎಷ್ಟು ಅಂಟಿಸಿದರೆ ಅಷ್ಟು ವೇಗದ ಸೈಕಲ್ಲಿನಂತೆ ಕಾಣುತ್ತದೆ ಎಂಬ ಫ್ಯಾಷನ್ ಬಂತು. ಟೈರುಗಳು 20, 21 ಮಿ.ಮೀ.ಗೆ ಇಳಿದವು. ತೋಳು ಗಿಡ್ಡವಾದಷ್ಟೂ ಬಾಗುವುದು ಕಡಿಮೆ, ಬ್ರೇಕು ಬಿಗಿ ಎಂಬ ಒಂದು ನಿಜವಾದ ಕಾರಣವೂ ಇತ್ತು. ಉಳಿದದ್ದೆಲ್ಲ ಇಸ್ತ್ರಿ ಮಾಡಿದ ಅಂಗಿಯ ಆಸೆ. ರೇಸಿನವರಿಗೆ ಹಿಂದೆ ಕಾರು ಬರುತ್ತದೆ, ಕಾರಿನ ಮೇಲೆ ಇನ್ನೊಂದು ಸೈಕಲ್ಲು ಇರುತ್ತದೆ. ನಮಗೆ ಹಿಂದೆ ಬರುವುದು ಮಳೆ ಮಾತ್ರ.

ದೂರ ಸವಾರಿಯ ಸೈಕಲ್ಲು ರೇಸ್ ಸೈಕಲ್ಲಿನ ಬಡ ತಮ್ಮನೇನಲ್ಲ. ಅದಕ್ಕೆ ತನ್ನದೇ ವಂಶವಿದೆ, ಆ ವಂಶದ ತವರು ಫ್ರಾನ್ಸ್. 1891ರಲ್ಲಿ ‘ಲ ಪತಿ ಜರ್ನಾಲ್’ ಪತ್ರಿಕೆಯ ಪಿಯೆರ್ ಝಿಫಾರ್, ಪ್ಯಾರಿಸ್ಸಿನಿಂದ ಅಟ್ಲಾಂಟಿಕ್ ದಂಡೆಯ ಬ್ರೆಸ್ಟ್‌ಗೆ ಹೋಗಿ ತಿರುಗಿ ಪ್ಯಾರಿಸ್ಸಿಗೆ ಬರುವ ಸುಮಾರು 1200 ಕಿಲೋಮೀಟರಿನ ಪಂದ್ಯ ಏರ್ಪಡಿಸಿದರು. ಶಾರ್ಲ್ ತೆರೋಂ ಎಂಬಾತ 71 ಗಂಟೆ 22 ನಿಮಿಷದಲ್ಲಿ ಗೆದ್ದ. ಅವನ ಸೈಕಲ್ಲಿನಲ್ಲಿದ್ದದ್ದು ಮಿಶೆಲಿನ್ ಕಂಪನಿ ಆಗಷ್ಟೇ ಹೊರತಂದಿದ್ದ ಕಳಚಿ ಹಾಕಬಹುದಾದ ಗಾಳಿ ಟೈರು. ಎರಡನೆಯವನಾಗಿ ಬಂದ ಝಿಯೆಲ್-ಲಾವಾಲ್‌ನದು ಡನ್‌ಲಪ್. ಟೈರಿನ ಜಗಳ ಮೊದಲ ದಿನದಿಂದಲೇ ಇತ್ತು ಅನ್ನಿ. ಪಂದ್ಯ ಕಾಲಕ್ರಮದಲ್ಲಿ ನಿಂತುಹೋಯಿತು, ದಾರಿ ನಿಲ್ಲಲಿಲ್ಲ. ಈಗ ನಾಲ್ಕು ವರ್ಷಕ್ಕೊಮ್ಮೆ ಸಾಮಾನ್ಯ ಸವಾರರು ಅದೇ ದೂರವನ್ನು 90 ಗಂಟೆಯೊಳಗೆ ತುಳಿಯುತ್ತಾರೆ. ಇದು ಸ್ಪರ್ಧೆಯಲ್ಲ, ಬಹುಮಾನವಿಲ್ಲ. ಆದರೂ ಅದಕ್ಕೆ ಅರ್ಹತೆ ಪಡೆಯಲೆಂದು ಬೆಂಗಳೂರು, ಹುಬ್ಬಳ್ಳಿ, ಮೈಸೂರಿನಲ್ಲಿ ಜನ ರಾತ್ರಿಯೆಲ್ಲ ಹೆದ್ದಾರಿ ತುಳಿಯುತ್ತಾರೆ: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಒಂದೇ ವರ್ಷದಲ್ಲಿ ನಾಲ್ಕನ್ನೂ ಮುಗಿಸಿದವರಿಗೆ ಸೂಪರ್ ರ‍್ಯಾಂಡನರ್ ಎಂಬ ಬಿರುದು. ನಮ್ಮವರಲ್ಲಿ ಅನೇಕರು ಇದನ್ನು ಮದುವೆಯ ಕರೆಯೋಲೆಯಲ್ಲೊಂದು ಬಿಟ್ಟು ಉಳಿದೆಲ್ಲ ಕಡೆ ಹಾಕಿಕೊಳ್ಳುತ್ತಾರೆ.

ಈ ಸಂಪ್ರದಾಯಕ್ಕೆ ಬೇಕಾದ ಸೈಕಲ್ಲನ್ನು ರೂಪಿಸಿದವರು ರೇಸಿನವರಲ್ಲ. ಸೇಂತ್-ಎತಿಯೆನ್ ಊರಿನ ಪೋಲ್ ದ ವಿವೀ, ವೆಲೊಸಿಯೋ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಗೃಹಸ್ಥ, ಗೇರು ಬೇಕು, ದಪ್ಪ ಟೈರು ಬೇಕು ಎಂದು ತನ್ನ ‘ಲ ಸಿಕ್ಲಿಸ್ತ್’ ಪತ್ರಿಕೆಯಲ್ಲಿ ದಶಕಗಟ್ಟಲೆ ವಾದಿಸಿದ. ತಾನೇ ಗುಡ್ಡ ಹತ್ತಿ ತೋರಿಸಿದ. ಅದೇ ಕಾಲಕ್ಕೆ ಟೂರ್ ದ ಫ್ರಾನ್ಸ್‌ನ ಯಜಮಾನರು ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಗೇರನ್ನು 1937ರವರೆಗೂ ಒಳಗೆ ಬಿಟ್ಟುಕೊಳ್ಳಲಿಲ್ಲ ಎಂಬುದನ್ನು ನೆನೆದರೆ, ರೇಸು ನೋಡಿ ಸೈಕಲ್ ಕೊಳ್ಳುವ ಚಟ ಎಷ್ಟು ಹಳೆಯ ತಪ್ಪು ಎಂದು ತಿಳಿಯುತ್ತದೆ.

1930 ಮತ್ತು 40ರ ದಶಕಗಳಲ್ಲಿ ಫ್ರಾನ್ಸಿನಲ್ಲಿ ಸವಾರರಿಗಲ್ಲ, ಸೈಕಲ್ಲುಗಳಿಗೇ ಪರೀಕ್ಷೆ ನಡೆಯುತ್ತಿತ್ತು. ಕಲ್ಲುಮಣ್ಣಿನ ಗುಡ್ಡದ ದಾರಿಯಲ್ಲಿ ದಿನಗಟ್ಟಲೆ ಓಡಿಸಬೇಕು. ತೂಕ ಕಡಿಮೆಯಿದ್ದರೆ ಅಂಕ ಸಿಗುತ್ತದೆ, ಏನಾದರೂ ಮುರಿದರೆ, ಸಡಿಲಾದರೆ ಅಂಕ ಹೋಗುತ್ತದೆ. ದೀಪ, ಮಡ್‌ಗಾರ್ಡು, ಕ್ಯಾರಿಯರು ಎಲ್ಲ ಸೇರಿದ ಸೈಕಲ್ಲುಗಳ ಪರೀಕ್ಷೆ ಇದು. ರೆನೆ ಹೆರ್ಸ್, ಅಲೆಕ್ಸ್ ಸಿಂಗರ್‌ರಂಥ ಕುಶಲಿಗರು ಇಲ್ಲಿ ಪಳಗಿದರು. ಅವರು ಕಟ್ಟಿದ ಸೈಕಲ್ಲುಗಳ ಚಿತ್ರ ನೋಡಿ: ತೆಳು ಅಲ್ಯುಮಿನಿಯಮ್ ಮಡ್‌ಗಾರ್ಡು ಟೈರಿನ ಸುತ್ತ ಉದ್ದಕ್ಕೂ ಒಂದೇ ಅಂತರದಲ್ಲಿ, ಚಂದ್ರನ ಸುತ್ತ ಕಟ್ಟಿದ ಕಣದ ಹಾಗೆ ಕೂತಿರುತ್ತದೆ. ಆ ಅಂತರ ಆಮೇಲೆ ಹೊಂದಿಸಿದ್ದಲ್ಲ. ಮೊದಲು ಟೈರು ಯಾವುದೆಂದು ಗೊತ್ತು ಮಾಡುತ್ತಿದ್ದರು, ಅದರ ಮೇಲೆ ಮಡ್‌ಗಾರ್ಡು, ಅದರ ಹೊರಗೆ ಬ್ರೇಕು, ಅದೆಲ್ಲ ನಿಂತ ಮೇಲೆ ಫೋರ್ಕು, ಫ್ರೇಮು. ನಾವು ಫ್ರೇಮಿನ ಬಣ್ಣ ನೋಡಿ ಕೊಂಡು, ಕೊನೆಗೆ ಮಡ್‌ಗಾರ್ಡಿಗೆ ಹಾಕ್ಸಾ ಬ್ಲೇಡು ಹಿಡಿಯುತ್ತೇವೆ. ಬೀಗ ಕೊಂಡು ಬಾಗಿಲು ಹುಡುಕಿದ ಹಾಗೆ.

ಬ್ರೇಕಿನ ತೊಡಕನ್ನೂ ಅವರು ಚೆನ್ನಾಗಿಯೇ ಬಿಡಿಸಿದ್ದರು. ಬೋಲ್ಟು ಒಂದಾದರೆ ತೋಳು ಉದ್ದವಾಗಿ ಬಾಗುತ್ತದೆ. ಬದಲಿಗೆ ಫೋರ್ಕಿನ ಎರಡು ಕಾಲಿಗೆ ಒಂದೊಂದು ಗೂಟ ಬೆಸೆದು, ತೋಳುಗಳನ್ನು ಬೇರೆಬೇರೆ ನಿಲ್ಲಿಸಿ, ಮೇಲಿನಿಂದ ಒಂದು ತಂತಿಯಲ್ಲಿ ಎರಡನ್ನೂ ಎಳೆದರೆ? ನಡುವಿನ ಜಾಗ ಪೂರ್ತಿ ಖಾಲಿ. ಇದೇ ಕ್ಯಾಂಟಿಲಿವರ್. ಅದರ ಸೋದರ ಸೆಂಟರ್‌ಪುಲ್. 1950ರ ದಶಕದಲ್ಲಿ ಸೆಂಟರ್‌ಪುಲ್ಲಿಗೆ ಹೆಸರು ತಂದ ಮಾಫಾಕ್ ಕಂಪನಿಯ ಊರು ಕ್ಲೆರ್ಮೋಂ-ಫೆರಾಂ, ಮಿಶೆಲಿನ್ ಟೈರಿನದೂ ಅದೇ ಊರು. ಟೈರು ಮಾಡಿದ ಊರೇ ಅದಕ್ಕೆ ಜಾಗ ಬಿಡುವ ಬ್ರೇಕನ್ನೂ ಮಾಡಿತು.

ನಮ್ಮ ಹಾಲಿನವರ ಕರಿ ಸೈಕಲ್ಲು ಈ ವಂಶಕ್ಕೆ ಸೇರಿದ್ದಲ್ಲ, ಇಂಗ್ಲೆಂಡಿನ ರೋಡ್‌ಸ್ಟರ್‌ನ ಸಂತಾನ. ಆದರೂ ಸಂದಿನ ವಿಚಾರದಲ್ಲಿ ಎರಡೂ ಒಂದೇ ಮಾತು ಆಡುತ್ತವೆ. 28 ಇಂಚಿನ ಚಕ್ರ, ಒಂದೂವರೆ ಇಂಚಿನ ಟೈರು, ಎಂದರೆ ಸುಮಾರು 38–40 ಮಿ.ಮೀ. ದಪ್ಪ, ರೇಸಿನವರು ಈಗೀಗ ಆ ಕಡೆಗೆ ಕಾಲಿಡುತ್ತಿದ್ದಾರೆ. ಉದ್ದ ಮಡ್‌ಗಾರ್ಡು, ತುದಿಗೆ ರಬ್ಬರಿನ ಫ್ಲ್ಯಾಪು. ಅದರ ರಾಡ್ ಬ್ರೇಕು ಮಡ್‌ಗಾರ್ಡನ್ನು ಹೊರಗಿಂದ ಬಳಸಿ ಬಂದು, ಕಡ್ಡಿಗಳ ಬದಿಯಿಂದ ರಿಮ್ಮಿನ ಒಳಮೈಗೆ ರಬ್ಬರು ಒತ್ತುತ್ತದೆ. ಟೈರಿಗೂ ಫೋರ್ಕಿನ ನೆತ್ತಿಗೂ ನಡುವೆ ಅದು ಕಾಲಿಡುವುದೇ ಇಲ್ಲ. ಜಾಗದ ಮಟ್ಟಿಗೆ ಬಹಳ ಜಾಣ ಬ್ರೇಕು. ನಿಲ್ಲಿಸುವ ಮಟ್ಟಿಗೆ ಏನು ಹೇಳಲಿ? ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿನ ಮೇಲೆ ಆ ರಬ್ಬರು ಬರೀ ಸವರುತ್ತದೆ. ಇಳಿಜಾರಿನಲ್ಲಿ ಚಪ್ಪಲಿಯನ್ನು ನೆಲಕ್ಕೆ ಉಜ್ಜಿ ನಿಲ್ಲಿಸಿದವರಿಗೆಲ್ಲ ಇದು ಗೊತ್ತು.

ಇನ್ನು ಟೈರು. ತೆಳ್ಳಗಿನ ಟೈರಿಗೆ ಗಟ್ಟಿಯಾಗಿ ಗಾಳಿ ತುಂಬಿದರೆ ವೇಗ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಬೆರಳಿನಿಂದ ಒತ್ತಿ ‘ಕಲ್ಲಿನಂಗಿದೆ’ ಎಂದರೇನೇ ಸಮಾಧಾನ. ಪ್ರಯೋಗಶಾಲೆಯ ನುಣುಪು ಉರುಳೆಯ ಮೇಲೆ ಗಾಳಿ ಗಟ್ಟಿಯಾದಷ್ಟೂ ವೇಗ ಎಂಬುದು ನಿಜವೇ. ರಸ್ತೆ ಉರುಳೆಯಲ್ಲ. ಅಮೆರಿಕದ ಸಿಯಾಟಲ್‌ನ ಯಾನ್ ಹೈನೆ ಎಂಬ ಸವಾರ, ‘ಬೈಸಿಕಲ್ ಕ್ವಾರ್ಟರ್ಲಿ’ ಪತ್ರಿಕೆಯ ಸಂಪಾದಕ, 2000ದ ದಶಕದಲ್ಲಿ ಟೈರುಗಳನ್ನು ನಿಜವಾದ ರಸ್ತೆಯ ಮೇಲೆ, ಮನುಷ್ಯನನ್ನು ಕೂರಿಸಿಯೇ ಪರೀಕ್ಷಿಸಿದ. ಹೆದ್ದಾರಿ ಅಂಚಿನ ರಂಬಲ್ ಸ್ಟ್ರಿಪ್ ಮೇಲೂ ಓಡಿಸಿದ. ಸೈಕಲ್ಲು ಅದುರಿದಾಗ ಆ ಅದುರು ಎಲ್ಲೂ ಮಾಯವಾಗುವುದಿಲ್ಲ. ಸವಾರನ ಸ್ನಾಯು, ಮಾಂಸ ಅದನ್ನು ಹೀರುತ್ತದೆ, ಹೀರಿದ್ದಷ್ಟೂ ನಾವು ತುಳಿದ ಶಕ್ತಿಯಿಂದಲೇ ಕಳೆದದ್ದು. ಮೆತ್ತನೆಯ ಬಟ್ಟೆಯ, ಅಗಲದ, ಕಡಿಮೆ ಗಾಳಿಯ ಟೈರು ರಸ್ತೆಯಲ್ಲಿ ನಿಧಾನವಾಗಿರಲಿಲ್ಲ. ಆಗ ಇದನ್ನು ನಕ್ಕು ಬಿಟ್ಟವರು ಬಹಳ. ರೇಸಿನ ಗುಂಪೇ ಮುಂದೆ 23ರಿಂದ 25ಕ್ಕೆ, ಅಲ್ಲಿಂದ 28ಕ್ಕೆ, ಈಗ 30ರ ಆಚೆಗೂ ಬಂದು ನಿಂತಿದೆ.

ಟೋಲ್‌ಗೇಟಿನ ಮುಂಚೆ, ಊರು ಬರುವ ಮುಂಚೆ ಹಾಸಿದ ಬಿಳಿ ಪಟ್ಟಿಗಳ ಮೇಲೆ ರಾತ್ರಿ ಎರಡು ಗಂಟೆಗೆ ಸೈಕಲ್ ಹಾಯಿಸಿದವರಿಗೆ ಹೈನೆಯ ಲೇಖನ ಓದುವ ಅಗತ್ಯವಿಲ್ಲ. ಹಲ್ಲು ಕಟಕಟ ಎನ್ನುತ್ತದೆ, ದೀಪ ಮುಖ ತಗ್ಗಿಸುತ್ತದೆ. 300 ಕಿಲೋಮೀಟರ್ ಆದ ಮೇಲೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದು ವಾರವಾದರೂ ಅಂಗಿಯ ಗುಂಡಿ ಹಾಕಲು ಬಾರದವರನ್ನು ಬಲ್ಲೆ. ಅಂಗೈಯ ಬುಡದಲ್ಲಿ ಹಾದುಹೋಗುವ ನರ ಹ್ಯಾಂಡಲಿನ ಒತ್ತಡಕ್ಕೂ ಅದುರಿಗೂ ಸಿಕ್ಕಿ ಆಗುವ ತೊಂದರೆ ಅದು.

23ರ ಬದಲು 32ರ ಟೈರು ಹಾಕಿದರೆ ಒಳಗಿನ ಗಾಳಿಯ ಗಾತ್ರ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. ಅಗಲ ಹೆಚ್ಚಿದಷ್ಟೂ ಅದೇ ಒತ್ತಡಕ್ಕೆ ಟೈರಿನ ಬಟ್ಟೆಯ ಮೇಲೆ ಬೀಳುವ ಎಳೆತ ಹೆಚ್ಚು, ಆದ್ದರಿಂದ ಗಾಳಿ ಇಳಿಸಲೇಬೇಕು. ತೆಳು ಟೈರಿಗೆ 100 ಪಿಎಸ್ಐ ತುಂಬುತ್ತಿದ್ದ ಎಪ್ಪತ್ತು ಕಿಲೋದ ಮನುಷ್ಯ 32ಕ್ಕೆ 60ರ ಆಜುಬಾಜು ತುಂಬಿದರೆ ಸಾಕು. ಹೊಂಡಕ್ಕೆ ಬಿದ್ದಾಗ ಟ್ಯೂಬು ರಿಮ್ಮಿನ ಅಂಚಿಗೆ ಸಿಕ್ಕಿ ಎರಡು ತೂತಾಗುವ ಪಂಕ್ಚರು ಗಣನೀಯವಾಗಿ ಇಳಿಯುತ್ತದೆ. ಅಂದಹಾಗೆ, ಟೈರಿನ ಮೇಲೆ ಬರೆದ ಅಂಕಿಯನ್ನು ನಂಬಬೇಡಿ. ಈಗಿನ ಅಗಲ ರಿಮ್ಮುಗಳ ಮೇಲೆ 28 ಎಂದು ಬರೆದ ಟೈರು 30 ಅಳತೆಗೆ ನಿಲ್ಲುವುದುಂಟು. ಒಂದು ವರ್ನಿಯರ್ ಕ್ಯಾಲಿಪರ್ ಕೊಳ್ಳಿ, ಮನೆಯಲ್ಲಿ ಮಕ್ಕಳಿದ್ದರೆ ಅವರ ಪ್ರಾಕ್ಟಿಕಲ್‌ಗೂ ಆಗುತ್ತದೆ.

ಟೈರಿನ ಸುತ್ತ ಖಾಲಿ ಬಿಡಬೇಕಾದದ್ದು ಮಣ್ಣಿಗಾಗಿ ಮಾತ್ರವಲ್ಲ. ಒಂದು ಕಡ್ಡಿ ಮುರಿದರೆ ಚಕ್ರ ಹಾವಿನಂತೆ ಹೊರಳುತ್ತದೆ. ಬಿಗಿ ಫ್ರೇಮಿನಲ್ಲಿ ಅದು ಚಕ್ರದ ಪಕ್ಕದ ಕೊಳವೆಗೆ, ಎಂದರೆ ಚೈನ್‌ಸ್ಟೇಗೆ ಉಜ್ಜುತ್ತ ನಿಲ್ಲುತ್ತದೆ. ಸಡಿಲು ಫ್ರೇಮಿನಲ್ಲಿ ಓಲಾಡುತ್ತಲೇ ಮನೆ ಮುಟ್ಟಿಸುತ್ತದೆ. ಕಾರ್ಬನ್ ಫ್ರೇಮಿಗೆ ಟೈರು ಉಜ್ಜಿದರೆ, ಜೊತೆಗೆ ಮರಳೂ ಇದ್ದರೆ, ಒಂದೇ ಮಳೆಯ ದಿನದಲ್ಲಿ ಕಣ್ಣಿಗೆ ಕಾಣುವಷ್ಟು ಸವೆಯುತ್ತದೆ.

ಮಡ್‌ಗಾರ್ಡಿನ ಬಗ್ಗೆ ನನಗೆ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ. 2007ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ದೂರ ಸವಾರರ ಬಾಯಲ್ಲಿ ಇನ್ನೂ ಇದೆ: ದಿನಗಟ್ಟಲೆ ಮಳೆ, ಎದುರುಗಾಳಿ, ಹೊರಟವರಲ್ಲಿ ಹತ್ತಕ್ಕೆ ಮೂವರಷ್ಟು ಜನ ಮುಗಿಸಲಿಲ್ಲ. ಅವರನ್ನೆಲ್ಲ ಮಡ್‌ಗಾರ್ಡು ದಾಟಿಸುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಮಳೆ ನಿಂತ ಮೇಲೂ ಸವಾರ ಒದ್ದೆಯಾಗುವುದು ರಸ್ತೆಯ ನೀರಿನಿಂದ. ಹಿಂದಿನ ಚಕ್ರ ನೀರನ್ನು ನೇರ ಬೆನ್ನಿಗೂ ಸೀಟಿಗೂ ಎರಚುತ್ತದೆ. ಒದ್ದೆ ಚಡ್ಡಿಯಲ್ಲಿ ಹತ್ತು ಗಂಟೆ ಕೂತ ಚರ್ಮದ ಪಾಡು ಭಾನುವಾರದ ಪುರವಣಿಯಲ್ಲಿ ಬರೆಯುವಂಥದ್ದಲ್ಲ.

ಬಹಳ ಜನ ಹಿಂದಿನದೊಂದನ್ನೇ, ಅದೂ ಸೀಟಿನ ಕಂಬಕ್ಕೆ ಸಿಕ್ಕಿಸುವ ಬಾಲದಂಥ ಪ್ಲಾಸ್ಟಿಕ್ಕನ್ನು ಹಾಕಿ ಮುಗಿಸುತ್ತಾರೆ. ಹಾಕಬೇಕಾದದ್ದು ಮುಂದಿನದು. ಮುಂದಿನ ಚಕ್ರದ ನೀರು, ಮರಳು ಬಂದು ಬೀಳುವುದು ಪಾದಕ್ಕೆ, ಚೈನಿಗೆ, ಪೆಡಲಿನ ಬೇರಿಂಗಿಗೆ. ವೇಗವಿದ್ದರೆ ಮುಂದಕ್ಕೆ ಹಾರಿದ ಹನಿಯನ್ನು ನಮ್ಮ ಮುಖವೇ ಹೋಗಿ ಹಿಡಿಯುತ್ತದೆ. ಮಲೆನಾಡಿನ ಕೆಂಪು ನೀರು ಒಂದು ದಿನ ಚೈನಿನ ಮೇಲೆ ಹರಿದರೆ ಎಣ್ಣೆಯೆಲ್ಲ ತೊಳೆದುಹೋಗಿ ಸಂಜೆಗೆ ಕಪ್ಪೆ ವಟಗುಟ್ಟಿದ ಹಾಗೆ ಸದ್ದು ಮಾಡುತ್ತದೆ. ಮುಂದಿನ ಮಡ್‌ಗಾರ್ಡಿನ ತುದಿಗೆ ಫ್ಲ್ಯಾಪು ನೆಲದಿಂದ ನಾಲ್ಕು ಬೆರಳಷ್ಟು ಎತ್ತರಕ್ಕೆ ಇಳಿದರೆ ಪಾದ ಒಣಗಿರುತ್ತದೆ. ಹಿಂದಿನ ಫ್ಲ್ಯಾಪು ಮಾತ್ರ ಪರೋಪಕಾರಕ್ಕೆ. ಗುಂಪಿನಲ್ಲಿ ಬೆನ್ನ ಹಿಂದೆ ಬರುವವನ ಬಾಯಿಗೆ ನಮ್ಮ ಕೆಸರು ಹೋಗಬಾರದಲ್ಲ. ಬ್ರಿಟನ್ನಿನ ದೂರ ಸವಾರಿಗಳಲ್ಲಿ ಹಿಂದೆಲ್ಲ ಮಡ್‌ಗಾರ್ಡಿಲ್ಲದೆ ಹೊರಡಲು ಬಿಡದ ಕಾಲವಿತ್ತು. ಅಲ್ಲಿಯ ಕ್ಲಬ್ಬುಗಳಲ್ಲಿ ಚಳಿಗಾಲಕ್ಕೆ ಮಡ್‌ಗಾರ್ಡ್ ಹಾಕದವನ ಜಾಗ ಗುಂಪಿನ ಕಟ್ಟಕಡೆ.

ಹಾಕಿದರೆ ಸರಿಯಾಗಿ ಹಾಕಬೇಕು. ಟೈರಿಗಿಂತ ಎಂಟು ಹತ್ತು ಮಿ.ಮೀ. ಅಗಲವಿರಬೇಕು, ಟೈರಿನ ನೆತ್ತಿಯಿಂದ ಅಷ್ಟೇ ಮೇಲಿರಬೇಕು. ಕಂಪನಿಯವರು ಈ ಫ್ರೇಮಿಗೆ 35 ಹಿಡಿಯುತ್ತದೆ ಎಂದರೆ, ಮಡ್‌ಗಾರ್ಡ್ ಹಾಕುವಾಗ ಅದರಲ್ಲಿ ನಾಲ್ಕೈದು ಕಳೆಯಿರಿ. ಅಂತರ ಕಡಿಮೆಯಾದ ಮಡ್‌ಗಾರ್ಡು ಇಲ್ಲದ್ದಕ್ಕಿಂತ ಕೆಟ್ಟದ್ದು. ಎರೆಮಣ್ಣಿನ ಮಾತಂತೂ ಸರಿಯೇ. ಅದಕ್ಕಿಂತ ಭಯದ ವಿಷಯ, ರಸ್ತೆಯ ಮೇಲಿನ ಕಡ್ಡಿಯೊಂದು ಮುಂದಿನ ಟೈರಿನ ಜೊತೆ ಮೇಲೆದ್ದು ಸಂದಿಗೆ ಸಿಕ್ಕಿಕೊಂಡರೆ ಮಡ್‌ಗಾರ್ಡು ಮಡಚಿಕೊಂಡು ಫೋರ್ಕಿನ ಕೆಳಗೆ ನುಗ್ಗಿ ಚಕ್ರ ಗಕ್ಕನೆ ನಿಲ್ಲುತ್ತದೆ. ಸವಾರ ಹ್ಯಾಂಡಲಿನ ಮೇಲಿಂದ ಹಾರುತ್ತಾನೆ. ಇದಕ್ಕೆಂದೇ ಒಳ್ಳೆಯ ಮಡ್‌ಗಾರ್ಡುಗಳ ಮುಂದಿನ ಕಂಬಿ ಒಂದು ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಕೂರುತ್ತದೆ, ಎಳೆತ ಬಿದ್ದ ಕೂಡಲೆ ಕಳಚಿಕೊಳ್ಳುತ್ತದೆ. ಇದು ತಿಳಿಯದೆ ಆ ಕ್ಲಿಪ್ಪಿನ ಜಾಗದಲ್ಲಿ ನಟ್ಟು ಬೋಲ್ಟು ಬಿಗಿದು ‘ಈಗ ಗಟ್ಟಿಯಾಯ್ತು’ ಎಂದು ಕೊಡುವ ಮೆಕ್ಯಾನಿಕ್‌ಗಳಿದ್ದಾರೆ. ಸಣ್ಣ ಅಳತೆಯ ಫ್ರೇಮುಗಳಲ್ಲಿ ಇನ್ನೊಂದು ತಾಪತ್ರಯ: ನಿಧಾನವಾಗಿ ತಿರುವು ತೆಗೆದುಕೊಳ್ಳುವಾಗ ಷೂವಿನ ತುದಿ ಮಡ್‌ಗಾರ್ಡಿಗೆ ತಾಗುತ್ತದೆ. ಟ್ರಾಫಿಕ್ಕಿನಲ್ಲಿ ಯು-ಟರ್ನ್ ಹೊಡೆಯುವಾಗ ಇದು ನೆನಪಿರಬೇಕು.

ಬ್ರೇಕಿನ ವಿಚಾರಕ್ಕೆ ಬಂದರೆ, ಡಿಸ್ಕು ಬಂದು ಹಳೆಯ ಒಂದಂಕಣದ ಜಗಳವನ್ನೇ ಮುಗಿಸಿತು. ಮೂರನೆಯ ಸಂಸಾರ ಬೇರೆ ಮನೆ ಮಾಡಿತು. ಬ್ರೇಕು ಹಬ್ಬಿನ ಬಳಿಗೆ ಇಳಿಯಿತು. ಫೋರ್ಕಿನ ನೆತ್ತಿಯನ್ನು ಎಷ್ಟು ಬೇಕಾದರೂ ಎತ್ತರಿಸಬಹುದು. ಅದೇ ಫ್ರೇಮಿಗೆ ಒಂದಿಷ್ಟು ಚಿಕ್ಕದಾದ 650ಬಿ ಚಕ್ರ ಹಾಕಿ ಇನ್ನೂ ದಪ್ಪ ಟೈರು ಕೂರಿಸಬಹುದು. ರಿಮ್ ಬ್ರೇಕಿನಲ್ಲಿ ಇದು ಸುಲಭವಲ್ಲ: 700ಸಿ ಚಕ್ರದ ಟೈರು ಕೂರುವ ವ್ಯಾಸ 622 ಮಿ.ಮೀ., 650ಬಿಯದು 584. ರಬ್ಬರು ರಿಮ್ಮಿಗೆ ಮುಟ್ಟಬೇಕಾದರೆ ತೋಳು 19 ಮಿ.ಮೀ. ಕೆಳಗೆ ಬರಬೇಕು. ರೇಸಿನ ಜಗತ್ತು ಡಿಸ್ಕನ್ನು ಒಪ್ಪಿದ್ದು ಗೊಣಗುತ್ತಲೇ. 2015ರಲ್ಲಿ ಪ್ರಯೋಗ ಶುರುವಾಯಿತು. 2016ರ ಪ್ಯಾರಿಸ್–ರೂಬೇ ಪಂದ್ಯದಲ್ಲಿ ಬಿದ್ದ ಸವಾರನೊಬ್ಬ ತನ್ನ ಕಾಲು ಸೀಳಿದ್ದು ಡಿಸ್ಕೇ ಎಂದು ದೂರಿದ ಮೇಲೆ ತಡೆಹಿಡಿದರು. 2018ರಲ್ಲಿ ಪೂರ್ತಿ ಒಪ್ಪಿಗೆ ಸಿಕ್ಕಿತು.

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಆಷಾಢದ ಮಳೆಯಲ್ಲಿ ಇಳಿದವರಿಗೆ ಡಿಸ್ಕಿನ ಗುಣ ಯಾರೂ ಹೇಳಬೇಕಿಲ್ಲ. ರಿಮ್ ಬ್ರೇಕು ಹಿಡಿದಾಗ ಮೊದಲು ರಿಮ್ಮಿನ ನೀರು ಒರೆಸಬೇಕು, ಆಮೇಲೆ ಹಿಡಿತ. ಆ ಅರ್ಧ ಕ್ಷಣದಲ್ಲಿ ಎದುರಿನ ಬಸ್ಸು ಹತ್ತಿರವಾಗಿರುತ್ತದೆ. ಜೊತೆಗೆ ನೀರಿನ ಮರಳು ರಬ್ಬರಿಗೆ ಸಿಕ್ಕಿ ಅಲ್ಯುಮಿನಿಯಮ್ ರಿಮ್ಮನ್ನೇ ತೇಯುತ್ತದೆ. ಬೂದು ಬಣ್ಣದ ಗಂಧ ಚಕ್ರದಿಂದ ಇಳಿಯುತ್ತಿದ್ದರೆ ತಿಳಿಯಿರಿ, ತೇಯುತ್ತಿರುವುದು ನಿಮ್ಮ ದುಡ್ಡು. ಸವೆತ ತೋರಿಸಲೆಂದು ರಿಮ್ಮಿನ ಬದಿಗೆ ಕೊರೆದ ಗೀರು ಅಥವಾ ಚುಕ್ಕೆ ಮಾಸಿತೆಂದರೆ ಆ ರಿಮ್ಮಿನ ಆಯಸ್ಸು ಮುಗಿಯಿತು. ಡಿಸ್ಕಿನಲ್ಲಿ ಸವೆಯುವುದು ಪ್ಯಾಡು ಮತ್ತು ತಟ್ಟೆ, ಎರಡೂ ಬದಲಿಸಬಹುದಾದವು. ಹೊಂಡಕ್ಕೆ ಬಿದ್ದು ರಿಮ್ಮು ಸೊಟ್ಟಗಾದರೂ ಡಿಸ್ಕು ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮ ರಸ್ತೆಗಳಿಗೆ ಇದೊಂದೇ ಕಾರಣ ಸಾಕು.

ಆದರೂ ಡಿಸ್ಕಿನ ಭಕ್ತರು ಕೆಲವು ಮಾತು ನುಂಗುತ್ತಾರೆ. ಮೆತ್ತನೆಯ ರೆಸಿನ್ ಪ್ಯಾಡು ಮಳೆ ಮತ್ತು ಕೆಸರಿನ ಒಂದೇ ದೊಡ್ಡ ಸವಾರಿಯಲ್ಲಿ ಮುಗಿದುಹೋಗಬಹುದು. ಲೋಹದ ಸಿಂಟರ್ಡ್ ಪ್ಯಾಡು ಹೆಚ್ಚು ಬಾಳುತ್ತದೆ, ಕಿರುಚುವುದೂ ಹೆಚ್ಚು. ಬಸ್ಸಿನ ಡಿಕ್ಕಿಯಲ್ಲಿ ಈರುಳ್ಳಿ ಮೂಟೆಯ ಪಕ್ಕ ಮಲಗಿ ಬಂದ ಸೈಕಲ್ಲಿನ ತಟ್ಟೆ ಕೂದಲೆಳೆಯಷ್ಟು ಬಾಗಿದರೂ ಊರು ಮುಟ್ಟುವವರೆಗೆ ‘ಝಿಣ್ ಝಿಣ್’ ಎನ್ನುತ್ತದೆ. ಮಡ್‌ಗಾರ್ಡಿನ ಕಂಬಿ ಕೂರಬೇಕಾದ ಜಾಗದಲ್ಲೇ ಎಷ್ಟೋ ಸಲ ಡಿಸ್ಕಿನ ಕ್ಯಾಲಿಪರು ಕೂತಿರುತ್ತದೆ. ಕಂಬಿಯನ್ನು ಬಗ್ಗಿಸಿ, ನಡುವೆ ಬುಷ್ ಇಟ್ಟು ಒದ್ದಾಡಬೇಕು. ಜಗಳ ಮುಗಿಯಿತೆಂದೆನಲ್ಲ, ಪೂರ್ತಿ ಅಲ್ಲ. ಬೇರೆ ಮನೆ ಮಾಡಿದವರು ಹಬ್ಬದ ದಿನ ಬಂದು ತಂಟೆ ತೆಗೆದ ಹಾಗೆ ಇದು.

ಆಯಿಲ್ ಬ್ರೇಕೋ ವೈರ್ ಬ್ರೇಕೋ ಎಂಬುದು ಇನ್ನೊಂದು ವಾದ. ಮೂವತ್ತು ಗಂಟೆ ತುಳಿದ ಕೈಗೆ ಒಂದೇ ಬೆರಳಿನಲ್ಲಿ ನಿಲ್ಲುವ ಆಯಿಲ್ ಬ್ರೇಕು ವರದಾನವೇ. ಆದರೆ ಒಂದು ಕಂಪನಿಯದು ಮಿನರಲ್ ಆಯಿಲ್ಲು, ಇನ್ನೊಂದರದು ಡಾಟ್ ಫ್ಲೂಯಿಡ್ಡು. ಒಂದರಲ್ಲಿ ಇನ್ನೊಂದನ್ನು ಸುರಿದರೆ ಒಳಗಿನ ರಬ್ಬರಿನ ವಾಷರುಗಳು ಕೆಡುತ್ತವೆ. ಹಿರಿಯೂರಿನ ಬೈಕ್ ಗ್ಯಾರೇಜಿನವನು ಪ್ರೀತಿಯಿಂದ ತನ್ನಲ್ಲಿದ್ದದ್ದನ್ನು ಹಾಕಿಕೊಟ್ಟರೆ ಕಥೆ ಮುಗಿಯಿತು. ವೈರು ಎಲ್ಲೆಡೆ ಸಿಗುತ್ತದೆ ಎಂಬುದೂ ಅರ್ಧ ಸತ್ಯ. ಸೈಕಲ್ ಅಂಗಡಿಯಲ್ಲಿ ನೇತು ಹಾಕಿರುವ ಗೇರ್ ಸೈಕಲ್ಲಿನ ಬ್ರೇಕ್ ವೈರಿನ ತಲೆ ಉರುಳೆಯ ಹಾಗಿರುತ್ತದೆ. ಡ್ರಾಪ್ ಹ್ಯಾಂಡಲಿನ ಲಿವರಿಗೆ ಬೇಕಾದ್ದು ಪೇರ್ ಹಣ್ಣಿನ ಆಕಾರದ ತಲೆ. ಒಂದು ವೈರನ್ನು ಸುರುಳಿ ಸುತ್ತಿ ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟಿರಬೇಕು. ಜೊತೆಗೆ ಆ ಪುಟ್ಟ ಹಿತ್ತಾಳೆ ಅಡಾಪ್ಟರು. ಅದಿದ್ದರೆ ನಮ್ಮ ಸಪೂರ ವಾಲ್ವಿಗೆ ಮೋಟರ್‌ಸೈಕಲ್ ಪಂಕ್ಚರ್ ಅಂಗಡಿಯ ಗಾಳಿಯೂ ಹಿಡಿಯುತ್ತದೆ.

ನಾನು ಕಡೆಗೆ ಏನು ಮಾಡಿದೆ? ಹಂಪಿಯಿಂದ ಬಂದ ಮೇಲೆ ಬಿಗಿ ಸೈಕಲ್ಲನ್ನು ಒಬ್ಬ ಹುಡುಗನಿಗೆ ಕೊಟ್ಟೆ. ಅವನಿಗೆ ರೇಸಿನ ಹುಚ್ಚು, ಅವನಿಗದು ಸರಿ. ಹಳೆಯ ಉಕ್ಕಿನ ಫ್ರೇಮೊಂದು ಸಿಕ್ಕಿತು, 57ರ ತೋಳಿನ ಬ್ರೇಕಿನದು. ಹೊಸದು ಕೊಳ್ಳುವವರು ಯಾರು ಕೇಳಿದರೂ ಡಿಸ್ಕು ಎಂದೇ ಹೇಳುತ್ತೇನೆ. ನನ್ನದು ರಿಮ್ ಬ್ರೇಕಾಗಿ ಉಳಿದದ್ದು ತತ್ವದಿಂದಲ್ಲ, ಸಿಕ್ಕಿದ್ದು ಅದು. 28ರ ಟೈರು, 37ರ ಮಡ್‌ಗಾರ್ಡು. ಮೊದಲು 32 ತುರುಕಲು ನೋಡಿದೆ, ಹಿರಿಯರ ಬೆರಳು ನೆನಪಾಗಿ ಬಿಟ್ಟೆ. ಮುಂದಿನ ಫ್ಲ್ಯಾಪಿಗೆ ನಮ್ಮ ಬೀದಿಯ ಪಂಕ್ಚರ್ ಅಂಗಡಿಯವನು ಹಳೆಯ ಲಾರಿ ಟ್ಯೂಬು ಕತ್ತರಿಸಿ, ಎರಡು ತೂತು ಹೊಡೆದು ಕೊಟ್ಟ. ಹಿಂದಿನದಕ್ಕೂ ಒಂದು ಇರಲಿ ಎಂದೆ. ಗೆಳೆಯನೊಬ್ಬ ಮಳೆಯ 300ರಲ್ಲಿ ನನ್ನ ಹಿಂದೆಯೇ ತುಳಿಯುವುದಾಗಿ ಮಾತು ಕೊಟ್ಟಿದ್ದ.

ಆ ಸವಾರಿ ಜುಲೈ ಎರಡನೆಯ ವಾರ ಬಂತು. ಹೊರಡುವ ಹಿಂದಿನ ರಾತ್ರಿ ಆರು ಮಿ.ಮೀ. ಅಲೆನ್ ಕೀಯನ್ನು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಸುತ್ತಲೂ ಆಡಿಸಿ ನೋಡಿದೆ, ಎಲ್ಲೂ ತಾಗಲಿಲ್ಲ. ಇಪ್ಪತ್ತು ಗಂಟೆಗಳ ಸವಾರಿಯಲ್ಲಿ ಒಂದು ಹನಿಯೂ ಬೀಳಲಿಲ್ಲ. ಹಿಂದಿನ ಮಡ್‌ಗಾರ್ಡಿನ ಒಂದು ಸ್ಕ್ರೂ ಶಿರಾ ದಾಟಿದ ಮೇಲೆ ಸಡಿಲಾಗಿ, ಗೆಳೆಯನಿಗೆ ಮನೆ ಮುಟ್ಟುವವರೆಗೂ ಗಿಲಕಿಯ ಸದ್ದು ಕೇಳಿಸಿತಂತೆ.